ಅಡುಗೆಮನೆಯ ಕಟಕಟೆ

ಮಾನ್ವಿ
೨೬ ಮೇ ೨೦೨೪, ಭಾನುವಾರ

ಪ್ರೀತಿಯ ತಹಮೀನಾ,

ಸಲಾಂ. ನಾನೂ ಗೌತಮಿಯೂ ಚೆನ್ನಾಗಿದ್ದೇವೆ. ಕಲಬುರಗಿಯ ಬಿಸಿಲಿಗೆ ನೀನೂ ನಿನ್ನ ಮಕ್ಕಳೂ ಕರಗದೆ ಉಳಿದಿದ್ದೀರಿ ಎಂದುಕೊಂಡಿದ್ದೇನೆ. ನಿನ್ನ ಫೋನು ಎತ್ತದೆ ಬಹಳ ಸತಾಯಿಸಿದೆ. ಬಯ್ಯುವುದಿದ್ದರೆ ಬಯ್ಯಿ, ಆದರೆ ನೀನೂ ಕಾಗದದಲ್ಲಿಯೇ ಬಯ್ಯಿ. ನರ್ಸಿಂಗ್ ಹಾಸ್ಟೆಲಿನಲ್ಲಿದ್ದಾಗ ಪಕ್ಕದ ಮಂಚದಿಂದ ಚೀಟಿ ಬರೆದು ಎಸೆಯುತ್ತಿದ್ದೆಯಲ್ಲ, ಹಾಗೆ.

ಫೋನು ಬಿಟ್ಟು ಪೆನ್ನು ಹಿಡಿದದ್ದಕ್ಕೆ ಕಾರಣವಿದೆ. ಹಿಂದಿನ ವಾಯಿದೆಯಲ್ಲಿ, ನಾನು ಗಂಡನಿಗೆ ಕಳಿಸಿದ್ದ ವಾಟ್ಸಾಪನ್ನೆಲ್ಲ ಅವರ ಕಡೆಯವರು ಪ್ರಿಂಟು ತೆಗೆಸಿ ಕೋರ್ಟಿಗೆ ಹಾಕಿದ್ದರು. ದಪ್ಪ ಕಟ್ಟು. ಜಡ್ಜ್ ಅಮ್ಮ ಕನ್ನಡಕ ಏರಿಸಿಕೊಂಡು ಒಂದೊಂದೇ ಹಾಳೆ ತಿರುವುತ್ತ ಹೋದರು. ‘ಹಾಲು ಮುಗಿದದ.’ ‘ಗ್ಯಾಸು ಬಂದಿಲ್ಲ.’ ‘ಬರೂ ಮುಂದ ಕೊತ್ತಂಬರಿ.’ ವರ್ಷಗಟ್ಟಲೆ ಇದೇ. ಎಲ್ಲಿಯೂ ಒಂದು ಜಗಳವಿಲ್ಲ, ಎಲ್ಲಿಯೂ ಒಂದು ಮುದ್ದಿನ ಮಾತಿಲ್ಲ. “ಇದರಲ್ಲಿ ನಾನು ಏನು ನೋಡಬೇಕು?” ಎಂದು ಅವರು ಕಟ್ಟು ಮುಚ್ಚಿಟ್ಟರು. ನನಗೆ ಅಲ್ಲಿ ನಗು ಬಂತು, ಮಾನ್ವಿಯ ಬಸ್ಸು ಹತ್ತಿದ ಮೇಲೆ ಅಳು ಬಂತು.

ನಿನಗೆ ಅರ್ಧ ಗೊತ್ತು, ಉಳಿದರ್ಧ ಹೇಳುತ್ತೇನೆ. ಮದುವೆಯ ಬಿಡುಗಡೆಗೆ ನಾವಿಬ್ಬರೂ ಸಹಿ ಹಾಕಿಯಾಗಿದೆ. ಅವರಿಗೆ ದೇವದುರ್ಗದ ಹೈಸ್ಕೂಲು ಬಿಡಲಾಗದು, ನನಗೆ ಮಾನ್ವಿಯ ಆಸ್ಪತ್ರೆ ಬಿಡಲಾಗದು. ‘ನೌಕರಿ ಬಿಡು’ ಎಂದು ಅವರು ಒಮ್ಮೆ ಹೇಳಿದರು, ನಾನು ಒಲ್ಲೆ ಎಂದೆ. ಆಮೇಲೆ ಅವರೂ ಮಾತಾಡಲಿಲ್ಲ, ನಾನೂ ಮಾತಾಡಲಿಲ್ಲ. ಮಾತಾಡದೆ ಮಾತಾಡದೆ ಸಂಸಾರ ಸವೆದುಹೋಯಿತು. ಈಗ ಕೇಸಿರುವುದು ಒಂದಕ್ಕೇ. ಮಗಳು ಗೌತಮಿ ಯಾರ ಬಳಿ ಇರಬೇಕು? ತಮ್ಮ ಬಳಿ ಇರಲಿ ಎಂದು ಅವರು ರಾಯಚೂರಿನ ಕುಟುಂಬ ನ್ಯಾಯಾಲಯಕ್ಕೆ ಅರ್ಜಿ ಹಾಕಿದ್ದಾರೆ. ಹೀಗಾಗಿ ಅಲ್ಲಿ ಅವರು ‘ಅರ್ಜಿದಾರರು’. ನಮ್ಮ ಕಡೆ ಗಂಡನ ಹೆಸರು ಬಾಯಲ್ಲಿ ಆಡುವ ರೂಢಿಯಿಲ್ಲ, ನಿನಗೆ ಗೊತ್ತು. ‘ಇವರು, ಇವರು’ ಎಂದೇ ದಿನ ಕಳೆದಿದ್ದೆ. ಈ ಹೊಸ ಹೆಸರು ನನಗೆ ಬಹಳ ಅನುಕೂಲವಾಗಿದೆ.

ವಕೀಲರು ಎಲ್ಲಿ ಎಂದು ಕೇಳುತ್ತೀ. ಇದ್ದರು. “ಗಂಡ ಕುಡೀತಾನಂತ ಬರೀಮ್ರಿ ಸಿಸ್ಟರ್, ಕೇಸು ಗಟ್ಟಿ ಆಗ್ತದ” ಎಂದರು. “ಸಾಹೇಬ್ರ, ಅವ್ರು ಚಾನೂ ಕುಡಿಯೂದಿಲ್ರೀ” ಎಂದೆ. “ಹಂಗಾರ ಹೊಡೀತಾನಂತ ಬರೀಮು.” ಕೈ ಮುಗಿದು ಫೈಲು ವಾಪಸು ಇಸಿದುಕೊಂಡು ಬಂದುಬಿಟ್ಟೆ. ಮಗಳನ್ನು ಉಳಿಸಿಕೊಳ್ಳಲು ಅವಳಪ್ಪನ ಮೇಲೆ ಸುಳ್ಳು ಹೊರಿಸಿದರೆ, ಆ ಸುಳ್ಳಿನ ಜೊತೆ ಮನೆಯಲ್ಲಿ ದಿನಾ ಇರಬೇಕಾದವಳು ನಾನು ತಾನೆ?

“ವಕೀಲರಿಲ್ಲದೆ ನೀವೇ ನಡೆಸ್ತೀರೇನಮ್ಮಾ?” ಎಂದು ಜಡ್ಜ್ ಅಮ್ಮ ಕೇಳಿದರು. ಅವರು ಮೈಸೂರು ಕಡೆಯವರು. “ನಡಸ್ತೀನ್ರೀ” ಎಂದೆ. ಆಗ ನೋಡು, ಅರ್ಜಿದಾರರು ಎದ್ದು ನಿಂತರು. “ಆಕಿ ಒಬ್ಬಾಕಿನ ನಿಂತಾಳ್ರೀ ಮೇಡಂ. ನಾನೂ ಒಬ್ಬನ ನಿಂದ್ರತೀನಿ. ನನಗೂ ವಕೀಲರು ಬ್ಯಾಡ” ಎಂದುಬಿಟ್ಟರು. ಅವರ ವಕೀಲರ ಮುಖ ನೀನು ನೋಡಬೇಕಿತ್ತು. ಜಡ್ಜ್ ಅಮ್ಮ ಹಣೆಗೆ ಕೈಯಿಟ್ಟುಕೊಂಡರು. ಇಷ್ಟು ವರ್ಷದಲ್ಲಿ ನಾವಿಬ್ಬರೂ ಕೂಡಿ ಮಾಡಿದ ಮೊದಲ ಹುಚ್ಚುತನ ಇದೇ ಇರಬೇಕು.

ಅಂದಿನಿಂದ ನನಗೊಂದು ಕನಸು ಬೀಳುತ್ತಿದೆ. ಮಾನ್ವಿಯ ಭತ್ತದ ಗದ್ದೆ, ಕಾಲುವೆಯ ನೀರು ನಿಂತಿದೆ, ಮಧ್ಯೆ ಒಂದು ಕಟಕಟೆ. ಅದರೊಳಗೆ ಅವರು ನಿಂತಿದ್ದಾರೆ, ಪ್ಯಾಂಟು ಮೊಣಕಾಲಿನ ತನಕ ಮಡಚಿದ್ದಾರೆ. ಸುತ್ತ ಬೆಳ್ಳಕ್ಕಿಗಳು. ನಾನು ಬದುವಿನ ಮೇಲೆ ನಿಂತು ಪ್ರಶ್ನೆ ಕೇಳುತ್ತೇನೆ, ನನ್ನ ದನಿ ನನಗೇ ಕೇಳಿಸುವುದಿಲ್ಲ. ಅವರು ಮಾತ್ರ ಪ್ರತಿಯೊಂದಕ್ಕೂ ತಲೆ ಆಡಿಸುತ್ತಾರೆ. ಎಚ್ಚರವಾದ ಮೇಲೂ ಸ್ವಲ್ಪ ಹೊತ್ತು ಪಾದ ತಣ್ಣಗಿರುತ್ತದೆ.

ಅವರಿಗೆ ಪ್ರಶ್ನೆ ಕೇಳುವವಳು ನಾನೇ ಅಂದಮೇಲೆ ಅಭ್ಯಾಸ ಬೇಡವೇ? ಕೋರ್ಟಿನ ವರಾಂಡದಲ್ಲಿ ಕೂತು ಬೇರೆಯವರ ಕೇಸು ಕೇಳಿ ಕೇಳಿ ಒಂದಿಷ್ಟು ಕಲಿತಿದ್ದೇನೆ. ಸಂಜೆ ಡ್ಯೂಟಿಯಿಂದ ಬಂದು ಅಡುಗೆಮನೆಯ ಕುರ್ಚಿಯನ್ನು ತಿರುಗಿಸಿ ಇಡುತ್ತೇನೆ. ಅದರ ಬೆನ್ನೇ ಕಟಕಟೆ. ಹಿಂದೆ ಒಂದು ಮಣೆ, ಮಣೆಯ ಮೇಲೆ ಗೌತಮಿ. ಹೆಗಲಿಗೆ ಟವೆಲು ಹಾಕಿಕೊಂಡು ಅವಳು ಅಪ್ಪನಾಗುತ್ತಾಳೆ. ಬುದ್ಧನ ಫೋಟೋದ ಕಡೆ ಕೈ ಮಾಡಿ “ಖರೇ ಹೇಳ್ತೀನಿ, ಖರೇನ ಹೇಳ್ತೀನಿ” ಎಂದು ಪ್ರಮಾಣ ಮಾಡುತ್ತಾಳೆ. ಉತ್ತರ ಕೊಡುವ ಮೊದಲು ಅವರ ಹಾಗೆಯೇ ಸಣ್ಣಗೆ ಕೆಮ್ಮುತ್ತಾಳೆ, ಕಳ್ಳಿ! ಆಟದ ನಿಯಮವನ್ನೂ ಹೇಳಿಕೊಟ್ಟಿದ್ದೇನೆ. ಕೇಳಿದ್ದಕ್ಕಷ್ಟೇ ಉತ್ತರ. ಸಿಕ್ಕಿಬಿದ್ದಾಗ ಮಾತ್ರ ‘ನೆನಪಿಲ್ರೀ’ ಅನ್ನಬೇಕು, ಸಾಕ್ಷಿಗಳೆಲ್ಲ ಹಾಗೆಯೇ ಮಾಡುವುದು. ಅವಳಿಗೆ ಆ ಮಾತು ಎಷ್ಟು ಹಿಡಿಸಿದೆಯೆಂದರೆ ಹೋಂವರ್ಕ್ ಎಲ್ಲಿ ಎಂದರೂ ಅದೇ ಉತ್ತರ.

ಮೊನ್ನೆ ಧೂಳುಗಾಳಿ ಎದ್ದು ಕರೆಂಟು ಹೋಗಿತ್ತು. ಕಿಟಕಿಯಿಂದ ಅರಿಸಿನದಂಥ ಬೆಳಕು. ಕುರ್ಚಿಯ ಹಿಂದೆ ಆ ಪುಟ್ಟ ಮುಖ, ಅದರಲ್ಲಿ ಅವರದೇ ಹುಬ್ಬು. ಯಾರು ನಿಂತಿದ್ದಾರೆಂದು ಒಂದು ಗಳಿಗೆ ಮರೆತೇಹೋಯಿತು. ಹಳೆ ಕ್ಯಾಲೆಂಡರಿನ ಹಿಂದೆ ಬರೆದಿದ್ದ ಪ್ರಶ್ನೆಗಳನ್ನು ಬಿಟ್ಟು, “ನಿಮಗ ನನ್ನ ಮ್ಯಾಲೆ ಸಿಟ್ಟೇನ್ರೀ?” ಎಂದು ಕೇಳಿಬಿಟ್ಟೆ. ಅವಳು ಕೆಮ್ಮಿ, ಯೋಚಿಸಿ, “ಇಲ್ರೀ. ಬಿಸಿಲ ಜಳ ಭಾಳ ಇತ್ರೀ” ಎಂದಳು. ನಾನು ನೆಲದ ಮೇಲೆ ಕೂತು ನಕ್ಕೆ. ಅವಳೂ ನಕ್ಕಳು. ಆ ಸಂಜೆ ನಾವು ಬಹಳ ಸುಖವಾಗಿದ್ದೆವು.

ಮಕ್ಕಳಿಗೆ ನನ್ನ ಮುದ್ದು ಹೇಳು.

ನಿನ್ನ
ದೇವಿಕಾ


ಮಾನ್ವಿ
೧೮ ಆಗಸ್ಟ್ ೨೦೨೪

ತಹಮೀನಾ,

ನಿನ್ನ ಬಯ್ಗುಳದ ಕಾಗದ ತಲುಪಿತು, ಹೊಟ್ಟೆ ತುಂಬಿತು. ತಡವಾಗಿ ಬರೆಯುತ್ತಿದ್ದೇನೆ, ಕ್ಷಮಿಸು. ನೀರಮಾನ್ವಿ ಕಡೆ ಲಸಿಕೆಯ ಕೆಲಸ ಹೆಚ್ಚಿತ್ತು. ಕೂಸುಗಳ ತೊಡೆ ಹಿಡಿದು ‘ನೋವಾಗೂದಿಲ್ಲ, ನೋವಾಗೂದಿಲ್ಲ’ ಎಂದು ದಿನವಿಡೀ ಸುಳ್ಳು ಹೇಳಿ ಮನೆಗೆ ಬಂದರೆ ಪೆನ್ನು ಹಿಡಿಯಲು ಮನಸ್ಸಾಗುವುದಿಲ್ಲ.

ಸಾಕ್ಷಿಯ ದಿನ ಆಯಿತು. ಅದನ್ನೇ ಹೇಳಬೇಕು.

ಬೆಳಿಗ್ಗೆ ರಾಯಚೂರಿಗೆ ಹೋಗುವ ಬಸ್ಸಿನಲ್ಲಿ ಕಿಟಕಿಗೆ ತಲೆಯಾನಿಸಿ ಅರೆನಿದ್ದೆ. ಮೋಡದ ದಿನ. ಹತ್ತಿಯ ಹೊಲಗಳು ಹಸಿರಾಗಿ ಹಿಂದೆ ಸರಿಯುತ್ತಿದ್ದವು. ಅರ್ಜಿದಾರರ ಊರಿನ ಕಡೆ ಕೃಷ್ಣೆ, ನನ್ನ ಊರಿನ ಕಡೆ ತುಂಗಭದ್ರೆ, ರಾಯಚೂರು ಎರಡರ ನಡುವೆ. ಶಾಲೆಯಲ್ಲಿ ಪರೀಕ್ಷೆಗೆಂದು ಬಾಯಿಪಾಠ ಮಾಡಿದ್ದ ಈ ಮಾತು ನನ್ನ ಮಗಳ ವಿಳಾಸವಾಗುತ್ತದೆಂದು ಯಾರಿಗೆ ಗೊತ್ತಿತ್ತು!

ವರಾಂಡದಲ್ಲಿ ಅತ್ತೆ ಕೂತಿದ್ದರು. ದುರುಗಮ್ಮತ್ತೆಯನ್ನು ನೀನು ನನ್ನ ಮದುವೆಯಲ್ಲಿ ನೋಡಿದ್ದೀ. ಬಿಳಿ ಕೂದಲು, ದೊಡ್ಡ ದನಿ. ಮಗನ ಪರವಾಗಿ ಬಂದವರು, ಬಟ್ಟೆಗಂಟು ಬಿಚ್ಚಿ ಸಜ್ಜೆರೊಟ್ಟಿ, ಶೇಂಗಾಹಿಂಡಿ ತೆಗೆದು ನನಗೂ ಒಂದು ಪಾಲು ಮಾಡಿದರು. “ನಾ ಎದುರು ಪಾರ್ಟಿ ಅದೀನ್ರೀ ಅತ್ತಿ” ಎಂದೆ. “ಪಾರ್ಟಿ ಆದ್ರ ಹೊಟ್ಟಿ ಇರೂದಿಲ್ಲೇನ? ತಿನ್ನು ಸುಮ್ನ” ಎಂದು ಗದರಿದರು. ಅರ್ಜಿದಾರರು ನೀರಿನ ಬಾಟಲಿ ಮುಚ್ಚಳ ತೆಗೆದು ನನ್ನ ಕಡೆ ಸರಿಸಿದರು. ಹೆಸರು ಕೂಗುವ ಜವಾನ ಬಂದವನು ನಮ್ಮನ್ನು ನೋಡಿ, “ಯಾರ ಮ್ಯಾಲೆ ಯಾರ್ರೀ ಕೇಸು?” ಎಂದು ಕೇಳಿಯೇ ಬಿಟ್ಟ.

ಒಳಗೆ ಅವರು ಕಟಕಟೆ ಹತ್ತಿದರು. ನಾನು ಪ್ರಶ್ನೆ ಶುರು ಮಾಡಿದೆ. ನನ್ನ ಲೆಕ್ಕಾಚಾರ ಸರಳವಾಗಿತ್ತು. ಈ ಅಪ್ಪನಿಗೆ ಮಗಳ ಬಗ್ಗೆ ಏನೂ ಗೊತ್ತಿಲ್ಲ ಎಂದು ತೋರಿಸಿದರೆ ಕೇಸು ನನ್ನದು. ಮಗಳನ್ನು ಅವರು ನೋಡುವುದಾದರೂ ಎಷ್ಟು? ಕೋರ್ಟು ಹೇಳಿದ ಶನಿವಾರಗಳಲ್ಲಿ, ರಾಯಚೂರಿನ ಮಾವಿನಕೆರೆಯ ದಂಡೆಯ ಮೇಲೆ, ಒಂದು ಮಧ್ಯಾಹ್ನ.

“ಗೌತಮಿಗೆ ಯಾವ ಪಲ್ಯ ಸೇರೂದಿಲ್ಲ, ಹೇಳ್ರೀ?”

ಸಣ್ಣ ಕೆಮ್ಮು. “ಹಾಗಲಕಾಯಿ. ಬೆಲ್ಲ ಹಾಕಿ ಮಾಡಿದ್ರ ತಿಂತಾಳ್ರೀ.”

ಬೆಲ್ಲ ಹಾಕಬೇಕೆಂದು ನನಗೇ ಗೊತ್ತಿರಲಿಲ್ಲ ಕಣೇ.

“ಆಕಿ ಯಾವುದಕ್ಕ ಅಂಜತಾಳ?”

“ಬಲೂನಿಗಿ. ಒಡೀತದಂತ.”

“ಈ ಸಲ ಯಾವ ಹಲ್ಲು ಬಿದ್ದದ?”

“ಮ್ಯಾಲಿಂದು, ಎಡಕ. ಕೆರಿ ದಂಡಿಮ್ಯಾಲೆ ಪೇರಲಹಣ್ಣು ಕಡಿಯೂ ಮುಂದ ಬಿತ್ತು. ನನ್ನ ಕಿಸೇದಾಗ ಅದರೀ.”

ಜಡ್ಜ್ ಅಮ್ಮ ಪೆನ್ನು ಕೆಳಗಿಟ್ಟು “ತೋರಿಸಿ” ಎಂದರು. ಅರ್ಜಿದಾರರು ಅಂಗಿಯ ಕಿಸೆಯಿಂದ ಸಣ್ಣ ಕಾಗದದ ಪೊಟ್ಟಣ ತೆಗೆದು ಬಿಚ್ಚಿದರು. ಒಂದು ಅಕ್ಕಿಕಾಳಿನಷ್ಟು ಹಲ್ಲು. ಗುಮಾಸ್ತರು “ಸಾಕ್ಷ್ಯ ಅಂತ ನಿಶಾನೆ ಹಾಕಬೇಕಾ ಮೇಡಂ?” ಎಂದು ಕೇಳಿದರು. “ಬೇಡ. ಅವರ ಹತ್ರಾನೇ ಇರಲಿ” ಎಂದರು ಜಡ್ಜ್ ಅಮ್ಮ, ದನಿ ಸ್ವಲ್ಪ ಬೇರೆಯಾಗಿತ್ತು. ಹಲ್ಲು ಕಳೆದುಹೋಯಿತೆಂದು ಗೌತಮಿ ನನಗೆ ಹೇಳಿದ್ದಳು. ಏಕೆ ಹಾಗೆ ಹೇಳಿದಳೋ!

ಆಮೇಲೆ ನನ್ನ ಕ್ಯಾಲೆಂಡರ್ ಹಾಳೆ ಕೆಲಸಕ್ಕೆ ಬರಲಿಲ್ಲ. ನಾನು ಕೇಳುತ್ತ ಹೋದೆ, ಅವರು ಹೇಳುತ್ತ ಹೋದರು. ಮೇಲೆ ಫ್ಯಾನು ನಿಧಾನಕ್ಕೆ ತಿರುಗುತ್ತಿತ್ತು, ಟೈಪಿನ ಸದ್ದು ದೂರದಲ್ಲೆಲ್ಲೋ ಮಳೆ ಬಂದ ಹಾಗೆ. ಕನಸಿನ ಗದ್ದೆಯಲ್ಲಿ ನಿಂತಂತೆಯೇ ಇತ್ತು, ಆದರೆ ಈ ಸಲ ನನ್ನ ದನಿ ನನಗೆ ಕೇಳಿಸುತ್ತಿತ್ತು. ಒಂದು ಸಲ “ಮತ್ತ ನೀವ್ಯಾಕ ಮಾತ ಬಿಟ್ಟ್ರಿ?” ಎಂದು ಬಂದುಬಿಟ್ಟಿತು. ಅವರು “ನೀ ಕೇಳಲೇ ಇಲ್ಲಲ್ಲ” ಎಂದರು. ಜಡ್ಜ್ ಅಮ್ಮ ಮೇಜು ತಟ್ಟಿ, “ಇದು ಕೇಸಿಗೆ ಸಂಬಂಧಪಟ್ಟದ್ದಲ್ಲ” ಎಂದರು. ಸಂಬಂಧಪಟ್ಟದ್ದು ಇನ್ನೇನು ಎಂದು ನನಗೆ ಕೇಳಬೇಕೆನಿಸಿತು.

ಮಧ್ಯಾಹ್ನದ ಮೇಲೆ ನನ್ನ ಪಾಳಿ. ನಾನು ಕಟಕಟೆಯಲ್ಲಿ, ಪ್ರಶ್ನೆ ಅವರದು. ಅವರು ಒಂದೇ ಕೇಳಿದರು.

“ನನ್ನ ಬಗ್ಗೆ ಮನ್ಯಾಗ ಆಕಿ ಮುಂದ ಏನೇನು ಹೇಳ್ತೀ?”

“ಕೆಟ್ಟದ್ದೇನೂ ಹೇಳೂದಿಲ್ರೀ” ಎಂದೆ. ಅದು ನಿಜ. ಆದರೆ ಹೇಳುವಾಗ ಅಡುಗೆಮನೆಯ ಕುರ್ಚಿ, ಮಣೆ, ಟವೆಲು ಎಲ್ಲ ಕಣ್ಣಿಗೆ ಕಟ್ಟಿತು. ಆ ಆಟದ ಸುದ್ದಿ ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ. ಕೇಳಿದ್ದಕ್ಕಷ್ಟೇ ಉತ್ತರ ಕೊಟ್ಟು ಇಳಿದೆ.

ಇನ್ನು ಗೌತಮಿಯನ್ನು ಜಡ್ಜ್ ಅಮ್ಮ ತಮ್ಮ ಕೋಣೆಗೆ ಕರೆಸಿ ಒಬ್ಬಳನ್ನೇ ಮಾತಾಡಿಸುತ್ತಾರಂತೆ. ಅದಾದ ಮೇಲೆ ತೀರ್ಪು. ತಹಮೀನಾ, ನನಗೆ ಹೆದರಿಕೆ. ಅವಳು ಹೋಗಿಬಿಟ್ಟರೆ ಈ ಮನೆಯಲ್ಲಿ ನಾನು ಯಾರಿಗೆ ಅನ್ನ ಮಾಡಲಿ? ನೀನು ನಮಾಜಿಗೆ ಕೂತಾಗ ನನ್ನದೂ ಒಂದು ಮಾತು ಸೇರಿಸು.

ನಿನ್ನ
ದೇವಿಕಾ


ಮಾನ್ವಿ
೮ ಡಿಸೆಂಬರ್ ೨೦೨೪

ಪ್ರೀತಿಯ ತಹಮೀನಾ,

ಮೊದಲು ಸುದ್ದಿ. ಗೌತಮಿ ನನ್ನ ಬಳಿಯೇ ಇರುತ್ತಾಳೆ. ವಾರ ಬಿಟ್ಟು ವಾರ ಶನಿವಾರ, ಭಾನುವಾರ, ರಜೆಯಲ್ಲಿ ಅರ್ಧ, ದೇವದುರ್ಗದಲ್ಲಿ ಅಪ್ಪನ ಬಳಿ. ತೀರ್ಪು ಬಂದ ದಿನವೇ ನಿನಗೆ ಬರೆಯಬೇಕಿತ್ತು. ಪೆನ್ನು ತೆಗೆಯುತ್ತಿದ್ದೆ, ಮತ್ತೆ ಮುಚ್ಚಿಡುತ್ತಿದ್ದೆ. ಗೆದ್ದವಳು ಹೀಗೆ ಮಾಡುತ್ತಾಳೆಯೇ ಎಂದು ಕೇಳಬೇಡ.

ಜಡ್ಜ್ ಅಮ್ಮ ಗೌತಮಿಯನ್ನು ಒಳಗೆ ಕರೆದ ದಿನ ಅವಳಿಗೆ ಹಳದಿ ಫ್ರಾಕು ಹಾಕಿದ್ದೆ. ಹೊರಗಿನ ಬೇವಿನ ಮರದಡಿ ನಾನು, ಅರ್ಜಿದಾರರು, ನಡುವೆ ದುರುಗಮ್ಮತ್ತೆ. ಬಿಸಿಲು ಹಿತವಾಗಿತ್ತು, ಬೇವಿನ ಎಲೆ ಒಂದೊಂದೇ ಉದುರುತ್ತಿತ್ತು. ಅತ್ತೆ ಕೂತಲ್ಲೇ ತೂಕಡಿಸಿ ನನ್ನ ಹೆಗಲಿಗೆ ತಲೆಯಿಟ್ಟರು. ಆ ಬಾಗಿಲು ತೆರೆಯದೆ ಹೀಗೇ ಇದ್ದುಬಿಟ್ಟರೆ ಎಷ್ಟು ಚಂದ ಅನ್ನಿಸಿತು.

ಬಾಗಿಲು ತೆರೆಯಿತು. ನಮ್ಮಿಬ್ಬರನ್ನೂ ಒಳಗೆ ಕರೆದರು. ಗೌತಮಿಯ ಕೈಯಲ್ಲಿ ಬಿಸ್ಕೀಟು. ಅವಳನ್ನು ಅಜ್ಜಿಯ ಬಳಿ ಕಳಿಸಿ ಜಡ್ಜ್ ಅಮ್ಮ ಹೇಳಿದರು: “ನಿಮ್ಮ ಮಗಳು ಜಾಣೆ. ಶಾಲೆ ಬಗ್ಗೆ, ಗೆಳತಿಯರ ಬಗ್ಗೆ ಚೆನ್ನಾಗಿ ಮಾತಾಡಿದಳು. ಅಪ್ಪ ಅಂದ್ರೆ ಇಷ್ಟಾನಾ ಅಂದೆ. ನೆನಪಿಲ್ರೀ ಅಂದಳು. ಅಮ್ಮ ಅಂದ್ರೆ? ನೆನಪಿಲ್ರೀ. ಯಾರ ಜೊತೆ ಇರ್ತೀಯ ಪುಟ್ಟಾ? ಅದಕ್ಕೂ ನೆನಪಿಲ್ರೀ. ಇಂಥ ಉತ್ತರ ಮಗುವಿನ ಬಾಯಲ್ಲಿ ನಾನು ಕೇಳಿರಲಿಲ್ಲ.”

ನಾನು ಗೋಡೆ ನೋಡಿದೆ. ಅರ್ಜಿದಾರರು ನನ್ನನ್ನು ನೋಡಿದರು. ಹೊರಗೆ ಬಂದ ಮೇಲೆ ಮೆಲ್ಲಗೆ, “ಯಾರ ಕಲಿಸ್ಯಾರ ಆಕಿಗಿ?” ಎಂದು ಕೇಳಿದರು. ನಾನು ಎಲ್ಲ ಹೇಳಿದೆ. ಕುರ್ಚಿ, ಮಣೆ, ಟವೆಲು, ಕೆಮ್ಮು. ಜಗಳಾಡುತ್ತಾರೆ ಎಂದುಕೊಂಡೆ, ಆಡಬೇಕಿತ್ತು. ಅವರು “ನನ್ನಂಗ ಕೆಮ್ಮತಾಳೇನು?” ಎಂದರು. ಹೌದೆಂದೆ. ಅವರ ಕಣ್ಣು ತುಂಬಿತು. ಇದನ್ನು ಅವರು ಜಡ್ಜ್ ಅಮ್ಮನಿಗೆ ಹೇಳಬಹುದಿತ್ತು, ಕೇಸು ಅವರ ಕಡೆ ವಾಲಬಹುದಿತ್ತು. ಹೇಳಲಿಲ್ಲ. ಸಣ್ಣ ಹೆಣ್ಣುಮಗು, ಶಾಲೆ ಮಾನ್ವಿಯಲ್ಲಿ, ತಾಯಿಗೆ ನೌಕರಿ ಇದೆ ಎಂದು ತೀರ್ಪು ನನ್ನ ಕಡೆ ಬಂತು. ಜವಾನ ಅವರ ಹೆಸರು ಕೂಗಿ ಪ್ರತಿ ಕೊಟ್ಟಾಗ, ಇಷ್ಟು ವರ್ಷ ನಾನು ಬಾಯಲ್ಲಿ ಆಡದ ಆ ‘ಕಿರಣಕುಮಾರ’ ವರಾಂಡದ ತುಂಬ ಕೇಳಿಸಿತು.

ಜಡ್ಜ್ ಅಮ್ಮ ಗೌತಮಿಯನ್ನು ಮಾತಾಡಿಸಿದ ದಿನ, ವಾಪಸು ಬರುವಾಗ ಬಸ್ಸಿನಲ್ಲಿ ಅವಳನ್ನು ಕೇಳಿದೆ. “ಯಾಕವ್ವ ಹಂಗ ಅಂದಿ?” ಹೊಲದಲ್ಲಿ ಹೆಂಗಸರು ಹತ್ತಿ ಬಿಡಿಸುತ್ತಿದ್ದರು. ಗೌತಮಿ ಅವರನ್ನೇ ನೋಡುತ್ತ ಹೇಳಿದಳು, “ಸಿಕ್ಕಿಬಿದ್ದಾಗ ಹಂಗ ಅನ್ಬೇಕಂತ ನೀನ ಹೇಳಿದ್ಯಲ್ಲ.” ಆಮೇಲೆ ನನ್ನ ತೊಡೆಯ ಮೇಲೆ ನಿದ್ದೆ ಹೋದಳು.

ನಿನ್ನ ದೊಡ್ಡವಳು ಒಂಬತ್ತನೇ ತರಗತಿಗೆ ಬಂದಳೆಂದು ಬರೆದಿದ್ದೀ. ಅವಳು ಬೇಕಾದಷ್ಟು ಓದಲಿ, ಬೇಕಾದಷ್ಟು ಮಾತಾಡಲಿ. ನಿನ್ನ ಮನೆಯವರಿಗೆ ನನ್ನ ಸಲಾಂ ಹೇಳು. ನಿಮ್ಮ ಮನೆಯ ಒಲೆಯೂ ನಗುವೂ ಆರದಿರಲಿ. ಸಂಕ್ರಾಂತಿಗೆ ಬಂದುಬಿಡು, ಸಜ್ಜೆರೊಟ್ಟಿ ದೇವದುರ್ಗದಿಂದ ತಾನಾಗಿಯೇ ಬರುತ್ತದೆ.

ನಿನ್ನ
ದೇವಿಕಾ

ಮತ್ತೆ: ಲಕೋಟೆ ಅಂಟಿಸುವ ಮುಂಚೆ ಇದೊಂದು. ಇಷ್ಟು ದಿನ ಕೈ ತಡೆದದ್ದು ಇದಕ್ಕೇ. ಕೇಸು ಮುಗಿಯಿತಲ್ಲ ಎಂದು ಮೊನ್ನೆ ಆ ಕುರ್ಚಿಯನ್ನು ನೆಟ್ಟಗೆ ತಿರುಗಿಸಿ ಇಡಲು ಹೋದೆ. ಗೌತಮಿ ಓಡಿಬಂದು ಹಿಡಿದುಕೊಂಡಳು. “ತೆಗೀಬ್ಯಾಡ ಯವ್ವಾ. ಅಪ್ಪ ಎಲ್ಲಿ ನಿಂದ್ರಬೇಕು?” ಟವೆಲು ಹೆಗಲಿಗೆ ಹಾಕಿ ಮಣೆ ಹತ್ತಿದಳು, ಕೆಮ್ಮಿದಳು. ನನ್ನ ಬಳಿ ಕೇಳುವ ಪ್ರಶ್ನೆ ಯಾವುದೂ ಉಳಿದಿರಲಿಲ್ಲ. ಆಗ ಅವಳೇ ಅಪ್ಪನ ದನಿಯಲ್ಲಿ ಕೇಳಿದಳು: “ನನ್ನ ಎಲ್ಲಾ ಕೇಳಿದ್ರಿ. ಗೌತಮಿನ್ನ ಒಂದ್ಸಲಾರ ಕೇಳೀರೇನ್ರೀ, ಆಕಿ ಯಾರ ಬಲ್ಲಿ ಇರ್ತಾಳಂತ?” ನನ್ನ ಬಾಯಿಂದ ಬಂದದ್ದು ‘ನೆನಪಿಲ್ರೀ’. ಅವಳು ಜಡ್ಜ್ ಅಮ್ಮನ ಹಾಗೆ, ಇಲ್ಲದ ಗುಮಾಸ್ತರ ಕಡೆ ತಿರುಗಿ “ಬರಕೋರಿ” ಎಂದು ಹೇಳಿ, ಮಣೆ ಇಳಿದು ಆಡಲು ಹೋದಳು. ನಾನು ಇವತ್ತಿಗೂ ಕೇಳಿಲ್ಲ ತಹಮೀನಾ. ಕೇಳಿದರೆ ಹೇಳಿಬಿಡುತ್ತಾಳೆ.